ಮೆಜೆಸ್ಟಿಕಲಿ ಔಟ್

ಆ ಶಬ್ದದ ಅರ್ಥ ನನಗೆ ಗೊತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೇ ಕಂಡುಹಿಡಿದು ನಗುತ್ತೀರಿ. ಆ ಖುಷಿ ನಿಮಗೇಕೆ?

ಟಿವಿಯಲ್ಲಿ ಇಂಗ್ಲಿಷ್ ಕಾಮೆಂಟರಿಯವರು ಒಳ್ಳೆಯ ಹೊಡೆತ ಕಂಡಾಗ ಗಂಟಲು ದಪ್ಪ ಮಾಡಿ ‘ಮೆಜೆಸ್ಟಿಕಲಿ’ ಎನ್ನುತ್ತಿದ್ದರು. ನನಗೆ ಬೇಕಿದ್ದದ್ದು ಅರ್ಥವಲ್ಲ, ಆ ಗಂಟಲು. ಇಸವಿ ಎರಡು ಸಾವಿರದ ಆಸುಪಾಸು. ಉಡುಪಿಯ ಕಾಲೇಜಿಗೆ ಹೋಗುವ ನೆಪದಲ್ಲಿ ನಾನು ದನಿಗಳನ್ನು ಒಟ್ಟು ಮಾಡುತ್ತಿದ್ದೆ: ಲೆಕ್ಚರರದ್ದು, ಬಸ್ ಕಂಡಕ್ಟರನದ್ದು, ಮನೆಗೆ ಮೀನು ತರುವ ಅಕ್ಕನದ್ದು. ನನ್ನ ಸ್ವಂತ ದನಿ ಎಣ್ಣೆ ಕಾಣದ ಬಾಗಿಲಿನದ್ದು. ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ.

ಇಷ್ಟೇ ಬಂಡವಾಳದ ಮೇಲೆ ಕಾಪುವಿನ ನಮ್ಮ ಯುವಕ ಮಂಡಲದ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಕ್ಕೆ ನನ್ನ ಕೈಗೆ ಮೈಕ್ ಬಂತು. ಫೈನಲ್‌ವರೆಗೆ ಮೈಕ್ ಉಳಿಸಿಕೊಂಡರೆ ಊರಿಡೀ ನನ್ನನ್ನು ಕೋಡಂಗಿ ಎನ್ನದೆ ಕಾಮೆಂಟೇಟರ್ ಎನ್ನುತ್ತದೆಂದು ನನ್ನ ಆಸೆ.

ಬೆಳಿಗ್ಗೆಯಿಂದ ಎಲ್ಲವೂ ಮೆಜೆಸ್ಟಿಕಲಿ. ಚೆಂಡು ಮೆಜೆಸ್ಟಿಕಲಿ ತೆಂಗಿನ ತೋಟಕ್ಕೆ ಹೋಯಿತು. ಅಂಪೈರ್ ಮೆಜೆಸ್ಟಿಕಲಿ ಮೂಗು ಒರೆಸಿಕೊಂಡರು. ನಾಯಿಯೊಂದು ಮೆಜೆಸ್ಟಿಕಲಿ ಪಿಚ್ ದಾಟಿತು. ಜನ ನಕ್ಕರು, ನಾನು ಉಬ್ಬಿದೆ.

ಸೆಮಿಫೈನಲ್‌ನಲ್ಲಿ ಕಾರ್ಕಳ ತಂಡದ ನಾಯಕ ಮೊದಲ ಎಸೆತಕ್ಕೇ ಬೌಲ್ಡ್. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರಬೇಕಾದಷ್ಟು ಎತ್ತರದ ಆಸಾಮಿ. ಬ್ಯಾಟನ್ನು ಹೆಗಲಿಗೇರಿಸಿ, ಬಿದ್ದ ವಿಕೆಟ್ಟಿನ ಕಡೆ ತಿರುಗಿಯೂ ನೋಡದೆ, ಮದುವೆ ಊಟ ಮುಗಿಸಿದವರ ಹಾಗೆ ನಿಧಾನವಾಗಿ ನಡೆದು ಬಂದ. ನಾನು ಗಂಟಲು ದಪ್ಪ ಮಾಡಿದೆ: “ಕಾರ್ಕಳದ ನಾಯಕ ಸೊನ್ನೆಗೆ ಔಟಾಗಿ ಮೆಜೆಸ್ಟಿಕಲಿ ಹೊರಗೆ ಹೋಗುತ್ತಿದ್ದಾರೆ!”

ಅವನ ತಂಡವೇ ಗೆದ್ದು ಫೈನಲ್‌ಗೆ ಬಂತು. ಗೆದ್ದವ ಕುಣಿಯುವುದು ಬಿಟ್ಟು ಬ್ಯಾಟ್ ಹಿಡಿದುಕೊಂಡು ನೇರ ನನ್ನ ಮೇಜಿಗೆ ಬಂದ.

“ಎಂತ ಹೇಳಿದ್ದು ನೀನು? ಒಂದು ಸೊನ್ನೆಗೆ ನನ್ನನ್ನು ಮೆಜೆಸ್ಟಿಕ್ಕಿಗೆ ಕಳಿಸ್ತೀಯಾ? ಬೆಂಗಳೂರು ಬಸ್ಸು ಹತ್ತಿಸ್ತೀಯಾ?”

“ಅಣ್ಣ, ಅದು ಬಸ್ ಸ್ಟ್ಯಾಂಡ್ ಅಲ್ಲ. ಇಂಗ್ಲಿಷ್.”

“ಓ! ಇಂಗ್ಲಿಷಿನಲ್ಲಿ ಬೈದದ್ದಾ?”

ಯುವಕ ಮಂಡಲದ ಕಾರ್ಯದರ್ಶಿ ಓಡಿ ಬಂದರು. ಫೈನಲ್‌ಗೆ ಅತಿಥಿಗಳು ಬರುವ ಹೊತ್ತು. “ಕ್ಷಮೆ ಕೇಳು ಮಾರಾಯ. ಆ ಶಬ್ದವನ್ನೂ ಬಿಡು. ಇಲ್ಲದಿದ್ದರೆ ಮೈಕ್ ಇವರಿಗೆ ಕೊಡ್ತೇನೆ. ಇವರಿಗೆ ಸರಿಯಾದ ಇಂಗ್ಲಿಷ್ ಉಂಟು.”

‘ಇವರು’ ಎಂದರೆ ಕಾರ್ಯದರ್ಶಿಯ ಬೆನ್ನಿಗೇ ಬಂದು ನಿಂತಿದ್ದ, ಮಣಿಪಾಲದಲ್ಲಿ ಓದುತ್ತಿದ್ದ ಮೈಸೂರು ಕಡೆಯ ಹುಡುಗ. ಇಸ್ತ್ರಿ ಹಾಕಿದ ಟೀಶರ್ಟ್, ಇಸ್ತ್ರಿ ಹಾಕಿದ ಮಾತು. ಅವನಿಗೆ ತುಳು ಬಾರದ್ದರಿಂದ ಜಗಳವೆಲ್ಲ ಕನ್ನಡದಲ್ಲೇ ಆಗಬೇಕಾಯಿತು.

“ನೋಡಿ, ಮೆಜೆಸ್ಟಿಕಲಿ ಅಂದ್ರೆ ರಾಜಗಾಂಭೀರ್ಯದಿಂದ ಅಂತ,” ಎಂದ ಅವನು. “ಸಿಕ್ಸರ್ ಹೊಡೆದೋರಿಗೆ ಹೇಳ್ಬೋದು. ಸೊನ್ನೆಗೆ ಔಟಾದೋರಿಗೆ ಹೇಳಿದ್ರೆ ಗೇಲಿ ಆಗುತ್ತೆ. ಬಳಕೆ ತಪ್ಪು.”

“ರಾಜನ ಹಾಗೆಯಾ?” ಎಂದು ಕಾರ್ಕಳದವ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದ.

ಅರ್ಥ ನನಗೆ ತಿಳಿದದ್ದೂ ಆಗಲೇ, ನನ್ನ ಮೈಕ್ ಕಸಿಯಲು ಬಂದವನ ಬಾಯಿಂದ. ತಿಳಿದ ಕೂಡಲೇ ಇನ್ನೊಂದು ಹೊಳೆಯಿತು. ಚೆಂಡಿಗೆ, ಅಂಪೈರಿಗೆ ಹೇಳಿದ್ದೆಲ್ಲ ಬೊಗಳೆ, ನಾಯಿಯ ವಿಷಯ ಬೇಕಾದರೆ ಚರ್ಚಿಸಬಹುದು. ಆದರೆ ಈ ಮನುಷ್ಯನಿಗೆ ಹೇಳಿದ್ದು ಮಾತ್ರ ಅಪ್ಪಟ ಸರಿ. ಇಡೀ ದಿನದಲ್ಲಿ ಒಂದೇ ಒಂದು ಸಲ ಸರಿಯಾದದ್ದಕ್ಕೆ ಕ್ಷಮೆ ಕೇಳಬೇಕೇ?

“ಕೇಳುವುದಿಲ್ಲ,” ಎಂದೆ. ಈ ಸಲ ಬಂದದ್ದು ಬಾಗಿಲಿನ ದನಿಯೇ. ಮೈಕ್ ಆನ್ ಇದ್ದದ್ದರಿಂದ ಮೈದಾನಕ್ಕೆಲ್ಲ ಕೇಳಿಸಿತು.

“ಹಟ ಮಾಡಬೇಡ,” ಎಂದರು ಕಾರ್ಯದರ್ಶಿ.

ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಯಾರದ್ದೋ ಕೊಡೆ ಎತ್ತಿಕೊಂಡು ಮೇಜಿನ ಮುಂದೆ ಬಂದೆ. ಮೊದಲು ನಾನು ಔಟಾದಾಗ ಹೇಗೆ ಬರುತ್ತೇನೆಂದು ತೋರಿಸಿದೆ: ಬ್ಯಾಟಿನಲ್ಲಿ ಬಿರುಕು ಹುಡುಕುತ್ತ, ಸೂರ್ಯನಿಗೆ ಬೈಯುತ್ತ, ಇಲ್ಲದ ಕುಂಟು ಕಾಲು ಎಳೆಯುತ್ತ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕೊಡೆಯನ್ನು ಹೆಗಲಿಗೇರಿಸಿ ಕಾರ್ಕಳದವನ ಹಾಗೆ ನಡೆದೆ. ಎಲ್ಲಿಯೂ ಉಪ್ಪು ಖಾರ ಸೇರಿಸಲಿಲ್ಲ. ನಗು ತಾನಾಗಿ ನಿಂತಿತು. ಯಾರೋ ಒಬ್ಬರು “ಹೌದು, ಹಾಗೆಯೇ ಬಂದದ್ದು” ಎಂದರು.

ಮಣಿಪಾಲದವ ಬಿಡಲಿಲ್ಲ. “ಹೇಗೇ ನಡೀಲಿ, ಔಟ್ ಔಟೇ ಅಲ್ವೇನ್ರೀ? ಸೊನ್ನೆ ಹೊಡೆದೋರಿಗೆ ಎಂಥ ಗಾಂಭೀರ್ಯ?” ಎಂದು ಮೈಕಿಗೆ ಕೈ ಚಾಚಿದ. ಕಾರ್ಯದರ್ಶಿಯೂ ತಲೆಯಾಡಿಸಿದರು. ನಾನು ಮೈಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಕಾರ್ಕಳದವ ನಮ್ಮಿಬ್ಬರ ನಡುವೆ ಬ್ಯಾಟ್ ಅಡ್ಡ ಹಿಡಿದ.

“ಔಟಾದ್ದು ನಾನು ಮಾರಾಯ, ನನ್ನ ನಡಿಗೆಯಲ್ಲ. ಮೈಕ್ ಅವನ ಹತ್ತಿರವೇ ಇರಲಿ.”