ರಿಂಗಾದರೆ ನೀರು

ಮೊನ್ನೆ ಮಗಳು ನಮ್ಮ ಬೋರಿನ ಮೋಟರಿಗೆ ಇಂಟರ್ನೆಟ್ ಸ್ವಿಚ್ಚೊಂದನ್ನು ತಾನೇ ಜೋಡಿಸಿದಳು. ಇನ್ನು ಎಲ್ಲಿದ್ದರೂ ಮೊಬೈಲಿನಿಂದಲೇ ಮೋಟರು ಹಾಕಬಹುದಂತೆ. ಬೆಸುಗೆಯ ಘಾಟು ಮನೆಯೆಲ್ಲ ತುಂಬಿತ್ತು. "ಬೇರೆ ಯಾರಾದರೂ ಹಾಕಿಬಿಟ್ಟರೆ?" ಎಂದೆ. ಅವಳು ನಕ್ಕಳು. ನಗಲಿ ಬಿಡಿ. ನಮ್ಮ ಮನೆಯಲ್ಲಿ ಹಾಗೆ ಒಮ್ಮೆ ಆಗಿತ್ತೆಂಬುದು ಅವಳಿಗೇನು ಗೊತ್ತು?

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯಲ್ಲಿ ಮನೆ, ಮಂಡಿಪೇಟೆಯಲ್ಲಿ ಅಪ್ಪನ ಅಂಗಡಿ. ಕರೆಂಟು ಬರುತ್ತಿದ್ದುದು ಮಧ್ಯಾಹ್ನ. ಆ ಹೊತ್ತಿಗೆ ಅಮ್ಮ ಶಾಲೆಗೆ ಪಾಠ ಮಾಡಲು, ನಾನೂ ಅಕ್ಕನೂ ಓದಲು ಹೋಗಿರುತ್ತಿದ್ದೆವು. ಮೋಟರು ಹಾಕುವವರಿಲ್ಲದೆ ಟ್ಯಾಂಕು ಒಣಗುತ್ತಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದ ಅಕ್ಕ ಗೀತಾ, ಹಳೇ ರೇಡಿಯೋದ ಸಾಮಾನುಗಳಿಂದ ಒಂದು ಪೆಟ್ಟಿಗೆ ಮಾಡಿ ಟೆಲಿಫೋನಿಗೂ ಮೋಟರಿಗೂ ಸಿಕ್ಕಿಸಿದಳು. ಮನೆಯಿಂದ ಹೊರಡುವಾಗ ಅದನ್ನು ಚಾಲೂ ಮಾಡಿಟ್ಟರೆ ಆಯಿತು. ಅಪ್ಪ ಅಂಗಡಿಯಿಂದ ಫೋನು ಮಾಡಿದೊಡನೆ, ರಿಂಗಿಗೆ ಮೋಟರು ಶುರುವಾಗಿ ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು. ಗಿರಾಕಿಗಳ ಮುಂದೆ ನಂಬರು ಒತ್ತಿ, "ನೋಡ್ರಿ, ಇಲ್ಲಿಂದ್ಲೇ ನೀರು ಬಿಟ್ಟೆ!" ಎಂದು ಅಪ್ಪ ಮೆರೆಯುತ್ತಿದ್ದರು.

ಮೆರೆದದ್ದು ಕೆಲವೇ ವಾರ. ಟ್ಯಾಂಕು ತುಂಬಿ ಹರಿದು ಪಕ್ಕದ ಮನೆಯ ಅಂಗಳ ಕೆಸರಾಗತೊಡಗಿತು. ಅಪ್ಪ ಫೋನು ಮಾಡುತ್ತಿದ್ದುದು ದಿನಕ್ಕೆ ಒಂದೇ ಸಲ. ಪೆಟ್ಟಿಗೆಯೂ ಸರಿಯಿತ್ತು. ಹಾಗಾದರೆ ಖಾಲಿ ಮನೆಗೆ ಫೋನು ಮಾಡುತ್ತಿದ್ದವರು ಯಾರು?

ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳರು ಖಾತ್ರಿ ಮಾಡಿಕೊಳ್ಳುತ್ತಿದ್ದಾರೆಂದು ಅಪ್ಪನ ಗುಮಾನಿ. ನಾನಂತೂ ಪೋಸ್ಟ್‌ಮನ್ನನನ್ನೂ ಬಿಡದೆ ಪತ್ತೇದಾರನಂತೆ ದುರುಗುಟ್ಟುತ್ತಿದ್ದೆ. ಅಮ್ಮನಿಗೆ ಮಾತ್ರ ಅಕ್ಕನ ಮೇಲೇ ಸಂಶಯ.

"ಯಾರಿಗೆ ನಂಬರ್ ಕೊಟ್ಟೀಯ?"

"ಯಾರಿಗೂ ಇಲ್ಲಮ್ಮ."

"ಮತ್ತೆ ದಿನಾ ಯಾಕ ರಿಂಗ್ ಆಗ್ತೈತೆ? ಸಾಕು ಓದಿದ್ದು. ಗಂಡು ನೋಡ್ತೀವಿ."

ಅಕ್ಕ ತಟ್ಟೆ ಬಿಟ್ಟು ಎದ್ದುಹೋದಳು.

ಕೊನೆಗೊಂದು ದಿನ ನಮಗೆಲ್ಲ ರಜೆಯಿದ್ದಾಗ, ಅಪ್ಪ ಅಂಗಡಿ ಬಿಟ್ಟು ಬಂದು, ಪೆಟ್ಟಿಗೆ ಚಾಲೂ ಮಾಡಿಸಿ, ಅಕ್ಕನನ್ನು ಎದುರಿಗೆ ಕೂರಿಸಿ ಕಾದರು. ಫೋನು ರಿಂಗಾಯಿತು. ಹಿತ್ತಲಲ್ಲಿ ಮೋಟರು ಗುಂಯ್ ಎಂದಿತು. "ಯಾವನಲೇ ನೀನು?" ಎಂದು ಅಪ್ಪ ಗದರಿದರು. ಆಮೇಲೆ ಅವರ ಮುಖ ಬದಲಾಯಿತು. ಕುರ್ಚಿ ತಡವಿ ಕುಳಿತರು.

ಆ ಕಡೆ ಇದ್ದವರು ಹರಿಹರದ ಅತ್ತೆ, ಅಪ್ಪನ ಒಡಹುಟ್ಟಿದ ಅಕ್ಕ. ಯಾವುದೋ ಮದುವೆಯಲ್ಲಿ ಮಾತಿಗೆ ಮಾತು ಬೆಳೆದು, ವರ್ಷಗಳಿಂದ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ಅವರ ಮನೆಗೆ ಹೊಸದಾಗಿ ಫೋನು ಬಂದಿತ್ತು. ಮಾವ ಕಾರ್ಖಾನೆಗೆ ಹೋದ ಮೇಲೆ, ಅಮ್ಮ ಮನೆಯಲ್ಲಿರುತ್ತಾಳೆಂದು ನಂಬಿ ಫೋನು ಮಾಡುತ್ತಿದ್ದರು. ಅಮ್ಮ ಕೆಲಸಕ್ಕೆ ಸೇರಿದ್ದನ್ನು ಅವರಿಗೆ ಹೇಳಿದವರಾದರೂ ಯಾರು?

ಅತ್ತೆಯ ಅಳು ನಮಗೂ ಕೇಳುವಂತಿತ್ತು. "ಇನ್ನೂ ಸಿಟ್ಟೈತೆ, ನಾನೇ ಅಂತ ಹೆಂಗೋ ಗೊತ್ತಾಗಿ ಬೇಕಂತ್ಲೇ ಎತ್ತಲ್ಲ ಅನ್ಕಂಡಿದ್ದೆ ತಮ್ಮಾ."

"ಇಲ್ಲಕ್ಕಾ, ಮನೇಲಿ ಯಾರೂ ಇರ್ತಿರ್ಲಿಲ್ಲ," ಎಂದರು ಅಪ್ಪ.

ಆ ಭಾನುವಾರವೇ ಎಲ್ಲರೂ ಹರಿಹರಕ್ಕೆ ಹೋದೆವು. ಅತ್ತೆ ಅಕ್ಕನ ತಲೆ ಸವರಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ, "ಕಾಲೇಜು ಬಿಡೋದು ಬ್ಯಾಡ," ಎಂದಳು. ಅಷ್ಟೇ. ಅಕ್ಕ ಕಿಟಕಿಯ ಕಡೆ ತಿರುಗಿದಳು. ಮರುದಿನ ಪೆಟ್ಟಿಗೆ ಬಿಚ್ಚಿದಳು. ಯಾಕೆಂದು ನಾವ್ಯಾರೂ ಕೇಳಲಿಲ್ಲ. ಅವಳು ಓದು ಮುಗಿಸಿದಳು, ಕೆಲಸಕ್ಕೂ ಸೇರಿದಳು. ಆದರೆ ಅಮ್ಮನ ಎದುರು ಫೋನಿನಲ್ಲಿ ಮಾತಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಕಟ್ ಮಾಡುವುದು ನನ್ನ ರೂಢಿ. ಇದನ್ನು ಬರೆಯುತ್ತಿದ್ದಾಗ ಅಂಥದ್ದೊಂದು ಬಂತು. ಎತ್ತಿದೆ. ಆನಗೋಡಿನ ಹತ್ತಿರ ಸೈಟು ಬೇಕೇ ಎಂದು ಒಬ್ಬ ಹುಡುಗಿ ಕೇಳಿದಳು. ಬೇಡವೆಂದೆ. ಆದರೆ ಅವಳು ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ.