ಬಣ್ಣದ ಹಂಡೆಯ ಹುಳಿ

ರೇಷ್ಮೆಗೆ ಬಣ್ಣ ಹಿಡಿಯಬೇಕಾದರೆ ಹಂಡೆಯ ನೀರು ಹುಳಿಯಾಗಿರಬೇಕು. ಹುಳಿ ಸಾಲದಿದ್ದರೆ ಬಣ್ಣ ನೀರಲ್ಲೇ ನಿಲ್ಲುತ್ತದೆ, ಮಿತಿಮೀರಿದರೆ ನೂಲಿನ ಮೇಲೆ ತೇಪೆ ತೇಪೆಯಾಗಿ ಕೂರುತ್ತದೆ. ಕೊಳ್ಳೇಗಾಲದ ನನ್ನ ಗಂಡನ ಮನೆಯಲ್ಲಿ ಆ ಹುಳಿ ನೋಡಲು ಇದ್ದದ್ದು ನನ್ನ ನಾಲಿಗೆ. ಊರು ಮದ್ರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು, ನಾನು ಹನೂರು ಬಿಟ್ಟು ಆ ಮನೆಗೆ ಸೇರಿದ ಹೊಸತು.

ನನ್ನ ನಾಲಿಗೆಯೇ ಯಾಕೆ? ಮಾವ, ಅತ್ತೆ, ಗಂಡ ಮೂವರೂ ದಿನವಿಡೀ ಎಲೆ, ಹೊಗೆಸೊಪ್ಪು ಜಗಿಯುವವರು. ಸುಣ್ಣ ತಿಂದ ಬಾಯಿಗೆ ಹುಳಿ ತಿಳಿಯುವುದಿಲ್ಲ. ಅವರು ಎಲೆ ಬಿಡಲಿಲ್ಲ, ನನಗೆ ಎಲೆ ಮುಟ್ಟಬೇಡ ಎಂದರು.

ಮಾವ ನೀರಿಗೆ ಆಸಿಡ್ಡು ಸುರಿದು ಕಡ್ಡಿ ಅದ್ದಿ ಕೊಡುತ್ತಿದ್ದರು.

"ನೋಡಮ್ಮೀ, ಉಣ್ಸೆಕಾಯಂಗದಾ, ನಿಂಬೆಅಣ್ಣಂಗದಾ?"

ನಾನು ನೆಕ್ಕಿ ಹೇಳಬೇಕು, ಅವರು ಇನ್ನಷ್ಟು ಸುರಿಯಬೇಕು, ನಾನು ಮತ್ತೆ ನೆಕ್ಕಬೇಕು. ನಾಲಿಗೆ ಸುಲಿದು ಹುಣ್ಣಾಯಿತು. ಸಾರು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಗಂಡ ಅದನ್ನು ನೋಡಿಯೂ ಉಣ್ಣುತ್ತ ಕೂತಿರುತ್ತಿದ್ದ. ಈಗ ನೆನೆದರೂ ಮೈ ಉರಿಯುತ್ತದೆ.

ಒಂದು ದಿನ ಬಣ್ಣದ ಪುಡಿ ಮಾರುವವನು ಕಾಗದದ ಪಟ್ಟಿ ತಂದ. ಹುಳಿ ನೀರಿಗೆ ಅದ್ದಿದರೆ, ಹುಳಿ ಎಷ್ಟೋ ಅದಕ್ಕೆ ತಕ್ಕ ಬಣ್ಣ ತಿರುಗುತ್ತದೆ. ನಾನು ಬಾಗಿಲ ಹಿಂದೆ ನಿಂತು ದೇವರಿಗೆ ಕೈ ಮುಗಿದೆ. ಮಾವ ನಕ್ಕರು.

"ಕಾಗ್ದ ಅಂಗ್ಡೀದು, ನಾಲ್ಗೆ ಮನೇದು. ತಕಂಡೋಗಪ್ಪ."

ಕೈ ಮುಗಿದು ಪ್ರಯೋಜನವಿಲ್ಲ ಎಂದು ಆಗ ಗೊತ್ತಾಯಿತು.

ಅದೇ ವಾರ ಯಳಂದೂರಿನ ಗಿರಾಕಿಯೊಬ್ಬರು ದೇವರ ಸೀರೆಗೆಂದು ನೂಲು ತಂದು, ಹಂಡೆಯ ಮುಂದೆಯೇ ಕೂತರು. ನೆಕ್ಕಿದ ಕಡ್ಡಿಯನ್ನು ಬಿಸಾಕಿ ಪ್ರತಿ ಸಲ ಹೊಸದನ್ನು ಅದ್ದುವುದು ನಮ್ಮ ಮನೆಯ ಕಟ್ಟುನಿಟ್ಟು. ನಾನು ನೆಕ್ಕಿದೆ. ಎಲ್ಲರೂ ನೋಡುತ್ತಿದ್ದಂತೆ ಅದೇ ಕಡ್ಡಿಯನ್ನು ಹಂಡೆಗಿಟ್ಟು ಚೆನ್ನಾಗಿ ತಿರುವಿದೆ.

ಗಿರಾಕಿ ನೂಲಿನ ಗಂಟು ಎತ್ತಿಕೊಂಡು ಎದ್ದರು.

"ಎಂಜ್ಲು ಮಾಡ್ಬುಟ್ಟಲ್ಲಮ್ಮೀ! ಬುದ್ಧಿ ಕೆಟ್ಟೋಗದಾ?" ಮಾವ ಕೂಗಿದರು.

"ನಾಲ್ಗೆ ಅಂದ್ಮೇಲೆ ಎಂಜ್ಲು ಇರಲ್ವಾ ಮಾವ? ಕಾಗ್ದ ತರ್ಸಿ. ಇಲ್ದಿದ್ರೆ ನಾಳೀಕೂ ಇಂಗೇ ತಿರುವ್ತೀನಿ."

ಅತ್ತೆ ಹೊಡೆಯಲು ಬಂದರು. ನಾನು ಕಡ್ಡಿ ಕೆಳಗಿಡಲಿಲ್ಲ. ಹಂಡೆಯ ನೀರೆಲ್ಲ ಚರಂಡಿಗೆ ಹೋಯಿತು.

ಮಾರನೆಯ ದಿನ ಕಾಗದ ಬಂತು. ಮಾವ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಆಡದಿದ್ದರೆ ಬೇಡ, ಉತ್ತರ ಕೊಡಲು ನನಗೂ ಬಾಯಿ ಉರಿಯುತ್ತಿತ್ತು.