ತವರಿನ ಮಣ್ಣು, ಕೊಂಡ ಮಣ್ಣು

ಮಣ್ಣನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಪಾರ್ವತಿನಗರದಲ್ಲಿ ಮನೆ ಕಟ್ಟಿ ಮುಗಿಸಿದ ಮೇಲೆ. ಬಳ್ಳಾರಿಯ ವರದಿಗಾರನಾಗಿ ನಾನು ಮಣ್ಣಿನ ಬಗ್ಗೆ ಬರೆದದ್ದು ಕಡಿಮೆಯೇನಲ್ಲ. ಆದರೆ ಅದೆಲ್ಲ ಗಣಿಯಿಂದ ಲಾರಿ ಹತ್ತಿ ಊರು ಬಿಟ್ಟು ಹೋಗುವ ಅದಿರಿನ ಮಣ್ಣು. ಒಂದು ಟ್ರ್ಯಾಲಿ ಮಣ್ಣು ನಮ್ಮ ಮನೆಗೆ ಬರಲಿ ಎಂದು ಗೇಟಿನಲ್ಲಿ ನಿಂತು ದಾರಿ ಕಾಯುವುದು ಹೊಸ ಅನುಭವ.

ಅಂಗಳದಲ್ಲಿ ಮಣ್ಣು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಮೇಲೆ ಇಟ್ಟಿಗೆ ಚೂರು, ಒಣಗಿದ ಸಿಮೆಂಟು. ಕೆಳಗೆ ಎರೆ, ಅಂದರೆ ನಮ್ಮ ಸೀಮೆಯ ಕಪ್ಪು ಮಣ್ಣು. ಮಳೆ ಬಂದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಹತ್ತಿಗೆ, ಭತ್ತಕ್ಕೆ ಅದೇ ದೇವರು. ನನ್ನ ಹೆಂಡತಿ ಗಿರಿಜಾಳ ಮಲ್ಲಿಗೆಗೆ ಮಾತ್ರ ಅದು ಆಗಿಬರಲಿಲ್ಲ.

ಈ ಮಲ್ಲಿಗೆಯ ವಿಷಯ ಸ್ವಲ್ಪ ಹೇಳಬೇಕು. ಅದು ಸಿರುಗುಪ್ಪದ ತವರುಮನೆಯ ಹಿತ್ತಲಲ್ಲಿ ಅವಳ ಅವ್ವ ಹಚ್ಚಿದ ಗಿಡ. ಅಲ್ಲಿಯ ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಗಿಡವೂ ಹೋಯಿತು. ಹೋಗುವ ಮುಂಚೆ ಗಿರಿಜಾ ಅದರ ರೆಂಬೆಗಳಿಗೆ ಬೇರು ಬರಿಸಿ ಮೂರು ಸಸಿ ತಂದಿದ್ದಳು. ನಮ್ಮ ಅಂಗಳದ ಎರೆಯಲ್ಲಿ ಎರಡು ಕೊಳೆತು ಸತ್ತವು. ಉಳಿದ ಒಂದು ಎಣ್ಣೆ ಡಬ್ಬಿಯೊಂದರಲ್ಲಿ ಉಸಿರು ಹಿಡಿದುಕೊಂಡಿತ್ತು. ಅದೂ ಹೋದರೆ ಅವ್ವನ ಮಲ್ಲಿಗೆ ಎಂಬುದು ಭೂಮಿಯ ಮೇಲೆ ಎಲ್ಲೂ ಇಲ್ಲ.

ಮೊದಲು ಬ್ರೂಸ್‌ಪೇಟೆಯ ಬೀಜ-ಗೊಬ್ಬರದ ಅಂಗಡಿಗೆ ಹೋದೆವು. ಅಂಗಡಿಯವನು ಬಣ್ಣದ ಚೀಲವೊಂದನ್ನು ಮುಂದಿಟ್ಟ. ಬೆಲೆ ಕೇಳಿ ನಾನು, "ಮಣ್ಣಿಗೆ ಇಷ್ಟಾ?" ಎಂದೆ.

"ಇದರಾಗ ಮಣ್ಣ ಇಲ್ರಿ ಸರ. ಬರೇ ತೆಂಗಿನ ನಾರಿನ ಪುಡಿ, ಗೊಬ್ಬರ. ಅದಕ್ಕ ತುಟ್ಟಿ" ಎಂದ.

ಮಣ್ಣಿಲ್ಲದ್ದಕ್ಕೇ ಹೆಚ್ಚು ಬೆಲೆ! ನಮ್ಮ ಮಾತೂ ಮಣ್ಣನ್ನು ನಡೆಸಿಕೊಂಡಿರುವುದು ಹೀಗೇ. ಕೆಲಸ ಕೆಟ್ಟರೆ ಮಣ್ಣುಪಾಲು, ಆಸೆ ಕೆಟ್ಟರೆ ಬಾಯಿಗೆ ಮಣ್ಣು, ದಡ್ಡನ ತಲೆಯಲ್ಲಿ ಮಣ್ಣು. ಆದರೆ ಜಗಳದ ಮೂಲ ಹುಡುಕುವಾಗ ಮಾತ್ರ ಹೆಣ್ಣು, ಹೊನ್ನುಗಳ ಪಕ್ಕದಲ್ಲೇ ಅದಕ್ಕೂ ಪೀಠ ಹಾಕಿ ಕೂರಿಸುತ್ತೇವೆ.

ಕೊನೆಗೆ ಕುರುಗೋಡಿನಿಂದ ಟ್ರ್ಯಾಕ್ಟರಿನಲ್ಲಿ ಮಣ್ಣು ತರುವ ಖಾಜಾ ಸಿಕ್ಕ. ಗುಡ್ಡದ ಮಗ್ಗುಲಲ್ಲಿ ಯಾರದೋ ಮನೆಗೆ ಪಾಯ ತೋಡಿದಾಗ ಬಂದ ಮಸಾರಿ, ಅಂದರೆ ಕೆಂಪು ಮಣ್ಣು ತಂದಿದ್ದ. ಸುರಿಯಲು ಹೊರಟವನನ್ನು ಗಿರಿಜಾ ತಡೆದಳು. ಒಂದು ಹಿಡಿ ತೆಗೆದು, ಚೊಂಬಿನ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಒತ್ತಿದಳು. ಉಂಡೆ ನಿಂತಿತು. ಬೆರಳಿನಿಂದ ತಟ್ಟಿದಳು. ಉದುರಿತು. ನನ್ನ ವರದಿಗಳನ್ನು ಯಾವ ಸಂಪಾದಕರೂ ಅಷ್ಟು ಎಚ್ಚರದಿಂದ ನೋಡಿರಲಿಲ್ಲ.

"ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡಂಗಿಲ್ಲ ಬಿಡ್ರಿ ಅಕ್ಕಾರ" ಎಂದ ಖಾಜಾ.

"ಹೆಣ್ಣು ಹೆಂಗರ ಹೊಂದ್ಕೊಂತಾಳಪ, ಗಿಡ ಹೊಂದ್ಕೊಳ್ಳಂಗಿಲ್ಲ. ಹೂಂ, ಸುರುವು" ಎಂದಳು. ನಾನು ರಸ್ತೆಯ ಕಡೆ ನೋಡಿದೆ.

ಅದೇ ವಾರ ಅವಳ ತಮ್ಮ ಬಸಣ್ಣ ಸಿರುಗುಪ್ಪದಿಂದ ಬಂದ. ಭತ್ತ ಬೆಳೆಯುವವನು. ಕೆಂಪು ಗುಡ್ಡೆ ನೋಡಿ ಗೇಟಿನಲ್ಲೇ ನಿಂತ.

"ಇದೇನ್ರಿ ಮಾವ? ಎರಿ ಹೊಲದ ಮನಿತನದಾಗಿಂದ ಹೆಣ್ಣು ತಂದು, ರೊಕ್ಕ ಕೊಟ್ಟು ಮಣ್ಣ ತರ್ತೀರಾ? ಊರಾಗ ಗೊತ್ತಾದ್ರ ನಗ್ತಾರ್ರಿ!"

ಮರುದಿನವೇ ತನ್ನ ಹೊಲದ ಕಪ್ಪು ಮಣ್ಣನ್ನು ಟ್ರ್ಯಾಲಿ ತುಂಬಿಸಿ ತಂದು ಕೆಂಪಿನ ಪಕ್ಕದಲ್ಲೇ ಸುರಿದ. ಅವ್ವನ ಗಿಡ ಅವ್ವನ ಮಣ್ಣಿನಲ್ಲೇ ಬದುಕಬೇಕು ಎಂಬುದು ಅವನ ಹಟ. ತವರಿನಿಂದ ಬಂದದ್ದನ್ನು ಒಲ್ಲೆ ಎನ್ನುವುದು ಹೇಗೆ? ಒಪ್ಪಿಕೊಂಡರೆ ಕೊನೆಯ ಸಸಿಯ ಗತಿಯೇನು?

"ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಾಕ ಎರಿ ಮಣ್ಣ ಬೇಕು, ಮಲ್ಲಿಗಿಗೆ ಬ್ಯಾಡೇನಕ್ಕ?" ಎಂದ.

"ಮಣ್ಣೆತ್ತು ಬೇರು ಬಿಡಂಗಿಲ್ಲೋ ಬಸ್ಯಾ."

ನಾನಾಗಿದ್ದರೆ ಅಲ್ಲಿಗೆ ನಿಲ್ಲಿಸದೆ ಇನ್ನೆರಡು ಪ್ಯಾರಾ ಸಮಜಾಯಿಷಿ ಕೊಡುತ್ತಿದ್ದೆ. ಅವಳು ತಮ್ಮನ ಕೈಗೆ ಸಲಿಕೆ ಕೊಟ್ಟಳು. "ನೀ ತಂದದ್ದೂ ಬೇಕು. ಹೆಂಟಿ ಒಡಿ."

ಅವನು ಹೆಂಟೆ ಒಡೆದ. ಅವಳು ಕೆಂಪು ಹೆಚ್ಚು, ಕಪ್ಪು ಕಡಿಮೆ, ಜೊತೆಗೆ ಮರಳು, ತಿಪ್ಪೆಗೊಬ್ಬರ ಹಾಕಿ ಕಲಸುತ್ತ ಹೋದಳು. ಅವಳು ಅತ್ತ ತಿರುಗಿದಾಗಲೆಲ್ಲ ಬಸಣ್ಣ ಕಪ್ಪಿನದೊಂದು ಬುಟ್ಟಿ ಮೆಲ್ಲಗೆ ಸೇರಿಸುತ್ತಿದ್ದ. "ಲೇ ಕಳ್ಳಾ, ಕಂಡೀನಿ" ಎಂದು ಅವಳು ಕೆಂಪಿನವು ಎರಡು ಸುರಿಯುತ್ತಿದ್ದಳು. ಮೊಣಕೈವರೆಗೆ ಮಣ್ಣಾದ ಅಕ್ಕ ತಮ್ಮ, ನಡುವಯಸ್ಸು ಮರೆತು ನಗುತ್ತಿದ್ದರು. ಕಲಸಿದ ಮಣ್ಣಿಗೆ ಬೆಲ್ಲದ ಬಣ್ಣ ಬಂದಿತ್ತು. ಸಸಿಯನ್ನು ಇಬ್ಬರೂ ಸೇರಿ ಇಳಿಸಿದರು. ಉಳಿದ ಎರೆ ಬಾಳೆಯ ಬುಡಕ್ಕೆ ಹೋಯಿತು.

ಸಸಿ ಮಳೆಗಾಲ ದಾಟಿತು. ಎರಡನೆಯ ಬೇಸಿಗೆಯಲ್ಲಿ ಗಿಡದ ತುಂಬ ಮೊಗ್ಗು. ನೋಡಲು ಬಂದ ಬಸಣ್ಣ ಒಂದು ಮೊಗ್ಗು ಮೂಸಿ, ಬೆನ್ನು ನೆಟ್ಟಗೆ ಮಾಡಿ, "ನೋಡಕ್ಕ, ನಮ್ಮ ಎರಿ ಮಣ್ಣ ಕೈ ಬಿಡಲಿಲ್ಲ" ಎಂದ. ಗಿರಿಜಾ, "ಹೂಂನಪ" ಎಂದಳು. ಊಟ ಮಾಡಿದ. ಹೊರಟ. ಗೇಟಿನವರೆಗೆ ಹೋಗಿ ವಾಪಸು ಬಂದ. ಅವನ ಕಂಕುಳಲ್ಲಿ ಮಡಿಚಿದ ಖಾಲಿ ಗೊಬ್ಬರದ ಚೀಲವಿತ್ತು.

"ಹೊಸ ಮನಿ ಹಿತ್ತಲದಾಗ ಅವ್ವನ ಗಿಡ ಹಚ್ಚೋಣು ಅಂತ… ಅಕ್ಕ, ಸಸಿ ಕೊಡು. ಅದರ ಜೋಡಿ ಈ ಮಣ್ಣೂ ಒಂದೀಟು ಹಾಕು."

ನಿಮ್ಮ ಹೊಲದಾಗ ಮಣ್ಣಿಲ್ಲೇನು ಎಂದು ಕೇಳಲು ನಾನು ಬಾಯಿ ತೆರೆದೆ. ಗಿರಿಜಾ ನನ್ನತ್ತ ಒಮ್ಮೆ ನೋಡಿದಳು. ಸುದ್ದಿಯನ್ನು ತಡೆಹಿಡಿ ಎಂಬ ನೋಟ ನನಗೆ ಕಚೇರಿಯಿಂದಲೇ ಪರಿಚಯ. ಸುಮ್ಮನೆ ಚೀಲದ ಬಾಯಿ ಹಿಡಿದು ನಿಂತೆ. ಅವಳು ತಮ್ಮನಿಗೆಂದೇ ಯಾವಾಗಲೋ ಬೇರು ಬರಿಸಿಟ್ಟಿದ್ದ ಸಸಿಯನ್ನು ಒಳಗಿನಿಂದ ತಂದಳು. ಚೀಲ ತುಂಬಿದ ಮೇಲೂ ಒಂದು ಬುಟ್ಟಿ ಹೆಚ್ಚು ಹಾಕಿದಳು.

ಬೀಜದ ಹಾಗೆ ಕೆಲವು ಗೆಲುವುಗಳನ್ನೂ ಮಣ್ಣು ಮುಚ್ಚಿಯೇ ಬೆಳೆಸಬೇಕು. ನಾನು ಇದನ್ನೆಲ್ಲ ಇಲ್ಲಿ ಬರೆದಿರುವುದು, ಬಸಣ್ಣ ಪತ್ರಿಕೆಯಲ್ಲಿ ಭತ್ತದ ಧಾರಣೆ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯದಿಂದ.